ಸ್ಪ್ರಿಂಗ್ ಕಾಲಿಗೆ ತೆಂಗಿನೆಣ್ಣೆ

ತೆಂಗಿನೆಣ್ಣೆ ಹಾಕಿದ್ದು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಐವತ್ತು ದಾಟಿದ, ಮಣಿಪಾಲದಲ್ಲಿ ಸ್ವಂತ ಜೆರಾಕ್ಸ್ ಅಂಗಡಿ ಇರುವ, ದಿನವಿಡೀ ಮಿಷನುಗಳ ಜೊತೆಯೇ ಬದುಕುವ ಮನುಷ್ಯ ಇಂಥ ಕೆಲಸ ಮಾಡಿದ ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಸುಳ್ಳು ಹೇಳಬೇಡ ಮಾರಾಯ ಎಂದು ಬೈದು ಕಳಿಸುತ್ತಿದ್ದೆ.

ಮಣಿಪಾಲದಲ್ಲಿ ಓದು ಮುಗಿಸಿದ ವಿದ್ಯಾರ್ಥಿಗಳು ಊರಿಗೆ ಹೊರಡುವ ಒಂದು ಕಾಲ ಉಂಟು. ಆಗ ಹಾಸಿಗೆ, ಕೆಟಲ್, ಗಿಟಾರ್, ಸೈಕಲ್ ಎಲ್ಲವೂ ಸಿಕ್ಕಿದ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಅದರ ಜಾಹೀರಾತು ಜೆರಾಕ್ಸ್ ಮಾಡಿಸಲು ಎಲ್ಲರೂ ನನ್ನ ಅಂಗಡಿಗೇ ಬರುವುದರಿಂದ ಮೊದಲು ಕಾಣುವುದೂ ನನಗೇ, ಮೊದಲು ಬೀಳುವುದೂ ನಾನೇ. ಹಾಗೆ ಮನೆಗೆ ಬಂದ ಸಾಮಾನುಗಳಲ್ಲಿ ಈವರೆಗೆ ಒಂದೂ ಪ್ರಯೋಜನಕ್ಕೆ ಬಂದದ್ದಿಲ್ಲ. ಆ ವರ್ಷ ಉತ್ತರದ ಕಡೆಯ ಒಬ್ಬ ಹುಡುಗ ತಂದ ಕಾಗದದಲ್ಲಿ ಒಂದು ಜೊತೆ ಕಾಲುಗಳ ಚಿತ್ರ ಇತ್ತು. ಅಲ್ಯೂಮಿನಿಯಂ ಚೌಕಟ್ಟು, ಹಿಂದೆ ಬಿಲ್ಲಿನ ಹಾಗೆ ಬಾಗಿದ ಫೈಬರ್ ಪಟ್ಟಿ, ಅಡಿಯಲ್ಲಿ ದನದ ಗೊರಸಿನಷ್ಟು ರಬ್ಬರ್. ಪಾದವನ್ನು ಅದರ ತಟ್ಟೆಯಲ್ಲಿಟ್ಟು, ಮಂಡಿಯ ಕೆಳಗೆ ಪಟ್ಟಿ ಬಿಗಿದು ನಿಂತರೆ ಮನುಷ್ಯ ಮೊಳಕ್ಕಿಂತ ಹೆಚ್ಚು ಎತ್ತರವಾಗುತ್ತಾನೆ; ಆ ಬಿಲ್ಲು ಬಾಗಿ ಬಿಟ್ಟಾಗ ಹಾರುತ್ತಾನೆ. "ಅಂಕಲ್, ಕೀಲುಗಳಿಗೆ ಆಗಾಗ ಲ್ಯೂಬ್ರಿಕೆಂಟ್ ಹಾಕಿ, ಬೋಲ್ಟ್ ನೋಡ್ತಾ ಇರಿ" ಎಂದು ಹೇಳಿ ಆ ಹುಡುಗ ರೈಲು ಹತ್ತಿದ. ನನಗೆ ಸಿಕ್ಕಿದ ತರಬೇತಿ ಅಷ್ಟೇ.

ಬಿಲ್ಲಿನ ಬದಿಯಲ್ಲಿ ಇಷ್ಟು ಕಿಲೋ ತೂಕದವರಿಗೆ ಎಂದು ಅಚ್ಚು ಹಾಕಿತ್ತು. ಅದು ಆ ಸಪೂರ ಹುಡುಗನ ತೂಕ. ನಾನು ಅದನ್ನು ಲಿಫ್ಟಿನೊಳಗೆ ಬರೆದಿರುವ ಸೂಚನೆಯನ್ನು ಓದುವ ಹಾಗೆ ಓದಿ ಬಿಟ್ಟುಬಿಟ್ಟೆ.

ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಗೆ ತಂದಾಗ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಅವಳು ಕಾರ್ಕಳದವಳು. "ನಮ್ಮ ಊರಿನಲ್ಲೂ ಬೆಟ್ಟದ ಮೇಲೆ ಎತ್ತರಕ್ಕೆ ನಿಂತವರಿದ್ದಾರೆ. ಇಷ್ಟು ಶತಮಾನ ಅಲುಗಾಡಲಿಲ್ಲ, ಅದಕ್ಕೇ ಮರ್ಯಾದೆ ಉಳಿದಿದೆ. ನಿಮಗೆ ಮಂಡೆ ಸಮ ಉಂಟಾ?" ಎಂದಳು. ನಾನು ಗಂಭೀರವಾಗಿ, "ಇದು ಮಾವನಿಗೋಸ್ಕರ" ಎಂದೆ. ನಿಜ ಹೇಳಬೇಕೆಂದರೆ ಹೊಟ್ಟೆ ಕರಗಿಸುವ ಆಸೆಗೆ ಕೊಂಡದ್ದು. ಮಾವನ ನೆಪ ಹೊಳೆದದ್ದು ಆ ಬಾಗಿಲಲ್ಲೇ. ಆದರೆ ಹೇಳಿದ ಮೇಲೆ ಅದು ನಿಜವೇ ಆಗಿಬಿಟ್ಟಿತು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಅಂಬಲಪಾಡಿಯಲ್ಲಿ ಅವರ ಮನೆ. ಉಡುಪಿ-ಮಣಿಪಾಲ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಇಡೀ ಜೀವನ ನಿಂತೇ ಕಳೆದವರು. ಅದು ಸಾಲದು ಎಂದು ಪ್ರತಿ ಕೃಷ್ಣಾಷ್ಟಮಿಗೆ ಮರಗಾಲು ಕಟ್ಟಿ, ಉದ್ದದ ಪಟ್ಟೆ ಪಟ್ಟೆ ಪೈಜಾಮ ಹೊಲಿಸಿ ಹಾಕಿ, ವೇಷ ಹೊರಟು ಪೇಟೆಯೆಲ್ಲ ಸುತ್ತುತ್ತಿದ್ದರು. ಮಹಡಿಯ ಕಿಟಕಿಯಲ್ಲಿ ನಿಂತ ಮಕ್ಕಳಿಗೆ ಕೈಕೊಡುತ್ತಾ ಹೋಗುವ ಅವರ ಹಿಂದೆ ಚಿಕ್ಕವನಾಗಿದ್ದ ನಾನು ಹೆಮ್ಮೆಯಿಂದ ಓಡುತ್ತಿದ್ದೆ. ನಮ್ಮದು ಅಳಿಯಕಟ್ಟು, ಹಿಂದೆ ಮಾವನ ಆಸ್ತಿ ಅಳಿಯನಿಗೆ ಬರುತ್ತಿತ್ತು. ನನ್ನ ಕಾಲಕ್ಕೆ ಆ ಕಾನೂನೂ ಇಲ್ಲ, ಆಸ್ತಿಯೂ ಇಲ್ಲ. ಉಳಿದದ್ದು ಅವರ ಅಟ್ಟದ ಮೇಲಿನ ಆ ಒಂದು ಜೊತೆ ಮರಗಾಲು. ಅದಕ್ಕೂ ಗೆದ್ದಲು ಹಿಡಿದಿತ್ತು.

ಅಂಥ ಮಾವ, ನಾನು ಸ್ಪ್ರಿಂಗ್ ಕಾಲು ಕೊಳ್ಳುವುದಕ್ಕೆ ಮೊದಲಿನ ಮಳೆಗಾಲದಲ್ಲಿ, ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ತಲೆ ತಿರುಗಿ ಬಿದ್ದೆ ಎಂದರು. ಆಪರೇಶನ್ ಆಯಿತು. ತಲೆ ಯಾಕೆ ತಿರುಗಿತು ಎಂದು ತಲೆಯ ಸ್ಕ್ಯಾನಿಂಗೂ ಆಯಿತು. ಅದರಲ್ಲಿ ಏನೂ ಸಿಗಲಿಲ್ಲ. ಎಲುಬು ಚೆನ್ನಾಗಿ ಕೂಡಿಕೊಂಡಿತು. ಆದರೆ ಮಾವ ಎದ್ದು ನಡೆಯಲಿಲ್ಲ. ಹಾಸಿಗೆಯಿಂದ ಜಗಲಿಯ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅದೂ ಅತ್ತೆಯ ಹೆಗಲ ಮೇಲೆ ಪೂರ್ತಿ ಭಾರ ಹಾಕಿ. ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ ಕಾಫಿ ಕೊಡಿಸಿ, ಅವಳ ಊರು ಮನೆ ವಿಚಾರಿಸಿ ಕಳಿಸುತ್ತಿದ್ದರು. ಕಾಲು ನೆಲಕ್ಕೆ ಊರಿ ಎಂದರೆ "ನಾಳೆ ನೋಡುವಾ". ಹೀಗೇ ಕೂತರೆ ಕಾಲಿನ ಶಕ್ತಿ ಹೋಗಿಬಿಡುತ್ತದೆ, ಆಮೇಲೆ ನಡೆಯಬೇಕೆಂದರೂ ಆಗುವುದಿಲ್ಲ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ಅತ್ತೆಯ ಬೆನ್ನು ಆಗಲೇ ಬಾಗತೊಡಗಿತ್ತು. ಹಿಡಿದು ನಡೆಯಲೆಂದು ಅತ್ತೆ ತಂದುಕೊಟ್ಟ ವಾಕರಿನ ಮೇಲೆ ಮಾವ ಟವೆಲು ಒಣಹಾಕುತ್ತಿದ್ದರು.

ಅವರಿಗೆ ಹೆದರಿಕೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ನನ್ನ ಯೋಜನೆ ಇಷ್ಟೇ: ಅವರ ಅಂಗಳದಲ್ಲಿ, ಅವರ ಕಣ್ಣೆದುರಿಗೆ ನಾನು ಸ್ಪ್ರಿಂಗ್ ಕಾಲಿನಲ್ಲಿ ಹಾರಬೇಕು. ಹಳೆಯ ಮರಗಾಲು ಆಟಗಾರ ಅಲ್ವಾ, ನೋಡಿ ಕಾಲು ತುರಿಸಿ ಎದ್ದಾರು. ಡಾಕ್ಟರಿಗೆ ಹೊಳೆಯದ್ದು ಜೆರಾಕ್ಸಿನವನಿಗೆ ಹೊಳೆಯಿತು ಎಂದು ನನಗೆ ಒಳಗೊಳಗೇ ಜಂಬ.

ಅಭ್ಯಾಸಕ್ಕೆ ಕಾಪುವಿನ ಕಡಲತೀರವನ್ನು ಆರಿಸಿಕೊಂಡೆ. ಉಡುಪಿಯಲ್ಲಿ ಎಲ್ಲರೂ ಗುರುತಿನವರು, ಮಣಿಪಾಲದಲ್ಲಿ ಎಲ್ಲರೂ ಗಿರಾಕಿಗಳು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಸ್ಕೂಟರಿನ ಹಿಂದೆ ಆ ಕಾಲುಗಳನ್ನು ಕಟ್ಟಿಕೊಂಡು ದೀಪಸ್ತಂಭದ ಕಡೆಗೆ ಹೋಗುತ್ತಿದ್ದೆ. ಮರಳಿನಲ್ಲಿ ಬಿದ್ದರೆ ನೋವಾಗುವುದಿಲ್ಲ ಎಂಬ ಲೆಕ್ಕಾಚಾರ. ಮೊದಲ ದಿನವೇ ಗೊತ್ತಾಯಿತು, ಮರಳಿನಲ್ಲಿ ಬೀಳುವುದೂ ಕಷ್ಟ. ಗೊರಸು ಹೂತುಹೋಗಿ ನಾನು ಗೂಟದ ಹಾಗೆ ನೆಟ್ಟಗೆ ನಿಂತುಬಿಟ್ಟೆ. ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನಿನ ಹೆಂಗಸೊಬ್ಬಳು ನಿಂತು, ಕತ್ತೆತ್ತಿ ನೋಡಿ, "ಮೇಲಿಂದ ಬಂಗುಡೆ ಕಾಣ್ತದಾ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದರೆ ಇಳಿಯಿರಿ" ಎಂದು ಹೋದಳು.

ಆಮೇಲೆ ಗಾಡಿ ನಿಲ್ಲಿಸುವ ಜಾಗದ ಗೋಡೆ ಹಿಡಿದು ನಡೆಯಲು ಕಲಿತೆ. ಈ ಕಾಲಿನ ಸ್ವಭಾವ ಏನೆಂದರೆ ಸುಮ್ಮನೆ ನಿಲ್ಲಲು ಬಿಡುವುದಿಲ್ಲ. ನಿಂತಲ್ಲೇ ಪರೇಡ್ ಮಾಡುತ್ತಿರಬೇಕು. ಕೆಲವು ವಾರಗಳಲ್ಲಿ ಸಣ್ಣಗೆ ಹಾರಲಿಕ್ಕೂ ಬಂತು. ಹಾರುವುದು ಎಂದರೆ ದೊಡ್ಡ ಮಾತಾಯಿತು. ನೆಲ ಬಿಟ್ಟದ್ದು ನನಗೆ ಗೊತ್ತಾಗುತ್ತಿತ್ತು, ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಕೀಲುಗಳು ಕಿರ್ರೆನ್ನತೊಡಗಿದವು. ಸಮುದ್ರದ ಗಾಳಿ, ಉಪ್ಪು. ಬೋಲ್ಟುಗಳ ತಲೆ ಕೆಂಪಾಗಿತ್ತು. ಲ್ಯೂಬ್ರಿಕೆಂಟ್ ಹಾಕಬೇಕು ಎಂದು ಹುಡುಗ ಹೇಳಿದ್ದು ನೆನಪಾಯಿತು. ನಮ್ಮ ಕಡೆ ಅದಕ್ಕೆ ಯೋಚನೆ ಮಾಡಲಿಕ್ಕೆ ಎಂತ ಉಂಟು? ತಲೆಗೆ ಅದೇ, ಗೇಟಿಗೆ ಅದೇ, ಹೊಲಿಗೆ ಮಿಷನಿಗೆ ಅದೇ, ಹಲಸಿನಕಾಯಿ ಕೊಯ್ಯುವ ಕತ್ತಿಗೆ ಅದೇ, ಬೆರಳಲ್ಲಿ ಸಿಕ್ಕಿಕೊಂಡ ಉಂಗುರಕ್ಕೂ ಅದೇ. ಮಾವನೂ ಅಷ್ಟಮಿಯ ಮೊದಲು ಮರಗಾಲಿಗೆ ತೆಂಗಿನೆಣ್ಣೆ ತಿಕ್ಕಿ ಬಿಸಿಲಿಗಿಡುತ್ತಿದ್ದರು. ಬಿರುಕು ಬಿಡುವುದಿಲ್ಲ ಎನ್ನುತ್ತಿದ್ದರು. ಅಡುಗೆಮನೆಯ ಬಾಟಲಿ ತಂದು ಧಾರಾಳವಾಗಿ ಹುಯ್ದೆ. ಸದ್ದು ನಿಂತಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಮರುದಿನ ಕಾಪುವಿನಲ್ಲಿ ಆ ಎಣ್ಣೆಗೆ ಮರಳು ಮೆತ್ತಿಕೊಂಡಿತು. ಈಗ ಕಿರ್ರೆನ್ನುವ ಬದಲು ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದ ಸದ್ದು. ಅದಕ್ಕೆ ಔಷಧಿ ಇನ್ನಷ್ಟು ಎಣ್ಣೆ. ಮನೆಯ ಜಗಲಿಯಲ್ಲಿಟ್ಟರೆ ಇರುವೆಗಳ ಸಾಲು ಬಂತು. ಅವಕ್ಕೂ ಹೆದರದೆ ಮತ್ತೆ ಎಣ್ಣೆ. ಚಳಿ ಶುರುವಾದಾಗ ಬೆಳಿಗ್ಗೆ ಅದು ಕೀಲಿನೊಳಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂರುತ್ತಿತ್ತು. ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟು ಕರಗಿಸಿ ಹೊರಡುತ್ತಿದ್ದೆ. "ದೋಸೆ ಕಾವಲಿಗೆ ಎಣ್ಣೆ ಉಳಿದಿದೆಯಾ, ಅಥವಾ ಅದೂ ಮಾವನಿಗೋಸ್ಕರವಾ?" ಎಂದು ಅವಳು ಒಳಗಿಂದ ಕೇಳುತ್ತಿದ್ದಳು. ಇಷ್ಟಾದರೂ ನನ್ನ ಮಂಡೆಗೆ ಹೋಗಲಿಲ್ಲ.

ಒಂದು ಭಾನುವಾರ ಅತ್ತೆ ಅಲೆವೂರಿನ ತಂಗಿಯ ಮನೆಗೆ ಹೋಗುವವರಿದ್ದರು. ಸಂಜೆಯವರೆಗೆ ಮಾವನನ್ನು ನೋಡಿಕೊಳ್ಳುವ ಜವಾಬ್ದಾರಿ ನನಗೆ ಬಂತು. ಇದೇ ಸಮಯ ಎಂದುಕೊಂಡೆ. ಹೊರಡುವ ಮೊದಲು ಕೀಲು, ಬಿಲ್ಲು, ಪಟ್ಟಿಯ ಕೊಂಡಿ ಎಲ್ಲಕ್ಕೂ ಎಣ್ಣೆಯ ಅಭಿಷೇಕ ಮಾಡಿದೆ. ಅಡಿಯ ರಬ್ಬರ್ ಗೊರಸು ನನ್ನ ಹಿಮ್ಮಡಿಯ ಹಾಗೆ ಒಣಗಿ ಬಿರುಕು ಬಿಟ್ಟದ್ದು ಕಂಡಿತು. ಪಾಪ ಎನಿಸಿತು. ಅದಕ್ಕೂ ತಿಕ್ಕಿದೆ.

ಮಾವ ಜಗಲಿಯ ಕುರ್ಚಿಯಲ್ಲಿದ್ದರು. ನಾನು ಜಗಲಿಯ ಅಂಚಿಗೆ ಕೂತು, ಮಂಡಿಗೆ ಹಳೆಯ ಬಟ್ಟೆ ಸುತ್ತಿ, ಸ್ಕೂಟರಿನ ಹೆಲ್ಮೆಟ್ ಹಾಕಿ, ಒಂದೊಂದೇ ಪಟ್ಟಿ ಬಿಗಿದೆ. ಅವರು ಪೇಪರ್ ಕೆಳಗಿಟ್ಟರು. ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ತಂದರೆ ಅವರ ಮಾತಿನ ಖಾರ ಅರ್ಧ ಇಳಿಯುತ್ತದೆ, ಎಂತ ಮಾಡುವುದು.

"ಇದು ಎಂತದು?"

"ನಿಮ್ಮ ಮರಗಾಲಿನ ಹಾಗೆಯೇ ಮಾವ. ಇದರಲ್ಲಿ ಸ್ಪ್ರಿಂಗ್ ಉಂಟು."

"ಎಣ್ಣೆ ಹಾಕಿದ್ದೀಯಾ?"

"ಚೆನ್ನಾಗಿ ಹಾಕಿದ್ದೇನೆ" ಎಂದು ಕಂಬ ಹಿಡಿದು ಎದ್ದೆ.

ಅಂಗಳಕ್ಕೆ ಸಿಮೆಂಟು ಹಾಕಿ ನುಣುಪು ಮಾಡಿಸಿದ್ದರು. ಒಂದು ಸುತ್ತು ನಡೆದೆ. ಮಾವ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಎಷ್ಟೋ ತಿಂಗಳ ನಂತರ ಏನೋ ಚುರುಕು ಕಂಡಿತು. ಅದನ್ನು ನೋಡಿ ನನಗೆ ಉಮೇದು ಏರಿತು. ಒಮ್ಮೆ ಹಾರಿದೆ. ಅದು ಸರಿಯಾಗಿಯೇ ಆಯಿತು, ನಿಜವಾಗಿ ಅದೇ ನನ್ನ ಜೀವನದ ಅತಿ ಎತ್ತರದ ಹಾರಾಟ. ಇಳಿಯುವಾಗ ಗೊರಸು ನೆಲಕ್ಕೆ ತಾಗಿತು, ಆದರೆ ಅಲ್ಲಿ ನಿಲ್ಲಲಿಲ್ಲ. ಎಡಗಾಲು ಗೇಟಿನ ಕಡೆ, ಬಲಗಾಲು ಬಾವಿಯ ಕಡೆ ಹೊರಟವು. ನಡುವಿನಲ್ಲಿದ್ದ ನಾನು ಎರಡಕ್ಕೂ ಹೋಗಲಾರದೆ ಅಂಗಾತ ಬಿದ್ದೆ.

ಹೆಲ್ಮೆಟ್ ತಲೆ ಉಳಿಸಿತು. ಸೊಂಟಕ್ಕೆ ಹೆಲ್ಮೆಟ್ ಇರಲಿಲ್ಲ. ಒಂದು ಕಾಲು ದಾಸವಾಳದ ಗಿಡದೊಳಗೆ ಸಿಕ್ಕಿಕೊಂಡಿತ್ತು. ಏಳಲು ನೋಡಿದೆ, ಈ ಕಾಲು ಕಟ್ಟಿಕೊಂಡವನಿಗೆ ಹಾಗೆಲ್ಲ ಏಳಲಾಗುವುದಿಲ್ಲ, ನೆಲಕ್ಕೆ ಊರಲು ಪಾದವೇ ಸಿಗುವುದಿಲ್ಲ. ಪಟ್ಟಿ ಬಿಚ್ಚೋಣ ಎಂದು ಬಾಗಿದರೆ ಹೊಟ್ಟೆ ಅಡ್ಡ ಬಂತು. ಹೇಗೋ ಕೈ ಮುಟ್ಟಿದಾಗ ಕೊಂಡಿ ಎಣ್ಣೆಯಿಂದ ಜಾರಿ ಜಾರಿ ಹೋಯಿತು. ನಾನು ಆಕಾಶ ನೋಡುತ್ತಾ ಮಲಗಿದೆ. ಮನೆಯಲ್ಲಿರುವುದು ಏಳಲಾರದ ಇಬ್ಬರು ಎಂಬುದು ಆಗ ಅರ್ಥವಾಗಿ, ನಿಜವಾಗಿ ಹೆದರಿಕೆಯಾಯಿತು.

ಜಗಲಿಯಿಂದ ಏದುಸಿರಿನ ಹಾಗೆ ಒಂದು ಸದ್ದು ಬಂತು. ಮಾವನಿಗೆ ಎಂತದೋ ಆಯಿತು ಎಂದು ನನ್ನ ಜೀವ ಹಾರಿತು. ಕತ್ತು ತಿರುಗಿಸಿ ನೋಡಿದೆ. ಅವರು ನಗುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಹೊಟ್ಟೆ ಹಿಡಿದುಕೊಂಡಿದ್ದರು. ನಗು ನಿಂತ ಮೇಲೆ ಕಂಡಕ್ಟರನ ಸ್ವರದಲ್ಲಿ ಹೇಳಿದರು, "ಮೊದಲು ಕವುಚಿ ಬೀಳು."

ಕವುಚಿದೆ.

"ಮಂಡಿ ಊರು. ಹಾಗೇ ಕಂಬದ ಹತ್ತಿರ ಬಾ. ಬೀಳಲು ಕಲಿಯದೆ ಯಾರಾದರೂ ಹತ್ತುತ್ತಾರಾ ಮಾರಾಯ?"

ಹಿಂದೆ ಎರಡು ಸ್ಪ್ರಿಂಗುಗಳನ್ನು ಎಳೆದುಕೊಂಡು ಅಂಬೆಗಾಲಿನಲ್ಲಿ ಬಂದೆ. ಕಂಬ ತಬ್ಬಿದರೆ ಎಣ್ಣೆಗೈ ಜಾರಿ ಮತ್ತೆ ಕೆಳಗೆ. ಎರಡು ಸಲ ಹಾಗಾಯಿತು. ಮಾವ ನೋಡಿದರು. ವಾಕರಿನ ಮೇಲಿದ್ದ ಟವೆಲನ್ನು ತೆಗೆದು ಹೆಗಲಿಗೆ ಹಾಕಿಕೊಂಡರು. ಆಮೇಲೆ ವಾಕರಿನ ಎರಡೂ ಬದಿ ಹಿಡಿದು, ಹಲ್ಲು ಕಚ್ಚಿ, ಎದ್ದರು. ಏನಾದರೂ ಹೇಳಿದರೆ ಕೂತುಬಿಡುತ್ತಾರೆ ಎಂದು ನೆಲ ನೋಡುತ್ತಾ ಇದ್ದೆ. ವಾಕರ್ ಎತ್ತಿಡುವ ಸದ್ದು, ಆಮೇಲೆ ಪಾದ ಎಳೆಯುವ ಸದ್ದು, ಮತ್ತೆ ವಾಕರ್. ಜಗಲಿಯ ಅಂಚಿಗೆ ಬಂದು, ಒಂದು ಕೈಯಿಂದ ಕಂಬ ತಬ್ಬಿ, ಇನ್ನೊಂದು ಕೈಯಿಂದ ಟವೆಲನ್ನು ನನ್ನ ತಲೆಯ ಮೇಲೆ ಹಾಕಿದರು.

"ಕೈ ಒರೆಸು." ಒರೆಸಿದೆ. ವಾಕರನ್ನು ಕೆಳಗೆ ತಳ್ಳಿದರು. "ಇದನ್ನು ಹಿಡಿದು ಏಳು."

ಎದ್ದೆ. ಮಾವ ಜಗಲಿಯ ಮೇಲೆ ಕಂಬ ಹಿಡಿದು, ನಾನು ಅಂಗಳದಲ್ಲಿ ಅವರ ವಾಕರ್ ಹಿಡಿದು ನಿಂತೆವು. ಸ್ಪ್ರಿಂಗಿನ ದೆಸೆಯಿಂದ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು. ಅವರಿಗೆ ಹೆಜ್ಜೆ ಕಿತ್ತಿಡಲು ವಾಕರ್ ಇಲ್ಲ, ನನಗೆ ನಿಂತಲ್ಲಿ ನಿಲ್ಲಲು ಆಗುವುದಿಲ್ಲ. ಅವರೆದುರು ಪರೇಡ್ ಮಾಡುತ್ತಲೇ ಇದ್ದೆ.

"ಅಡಿಗೂ ಹಾಕಿದೆಯಾ ಎಣ್ಣೆ?"

"ಹಾಕಿದೆ."

ಮಾವ ಬಾಗಿ ನನ್ನ ಗೊರಸು ನೋಡಿದರು. "ನಾನೂ ಎಣ್ಣೆಯಲ್ಲೇ ಜಾರಿದ್ದು" ಎಂದರು.

ಎಣ್ಣೆಸ್ನಾನಕ್ಕೆ ಮೈಗೆ ತಿಕ್ಕಿಕೊಳ್ಳುವಾಗ ಬಚ್ಚಲಿನ ನೆಲಕ್ಕೆ ಬಿದ್ದಿತ್ತಂತೆ. ಅದರ ಮೇಲೆ ಅವರೇ ಕಾಲಿಟ್ಟರಂತೆ. ತಲೆ ತಿರುಗಿದ್ದೂ ಇಲ್ಲ, ಎಂತದೂ ಇಲ್ಲ. "ಮರಗಾಲಿನಿಂದ ಒಮ್ಮೆಯೂ ಬೀಳದವ ಬಚ್ಚಲಲ್ಲಿ ಜಾರಿ ಬಿದ್ದ ಅಂತ ಹೇಗೆ ಹೇಳುವುದು? ರಸ್ತೆಗೆ ಇಳಿದರೆ ಸಿಕ್ಕಿದವರೆಲ್ಲ ಅದನ್ನೇ ಕೇಳ್ತಾರೆ, ಹೇಗೆ ಬಿದ್ದಿರಿ, ಹೇಗೆ ಬಿದ್ದಿರಿ ಅಂತ. ಅದಕ್ಕಿಂತ ಕೂತುಕೊಳ್ಳುವುದೇ ಸುಖ ಅಂತ ಕಂಡಿತು."

ಹೆದರಿಕೆ ಅಲ್ಲ, ನಾಚಿಕೆ. ಇಷ್ಟು ತಿಂಗಳು ನಾವು ಅವರಿಗೆ ಧೈರ್ಯ ಹೇಳಿದ್ದೇ ಹೇಳಿದ್ದು. ಪರೇಡ್ ಮಾಡುತ್ತಾ ಅಳಲಿಕ್ಕೆ ಆಗುವುದಿಲ್ಲ, ತುಂಬಾ ಕೆಟ್ಟದಾಗಿ ಕಾಣುತ್ತದೆ.

ಆಗ ಗೇಟು ತೆರೆದು ಅತ್ತೆ ಬಂದರು. ಕಂಬ ತಬ್ಬಿ ನಿಂತ ಗಂಡನನ್ನೂ, ಹೆಲ್ಮೆಟ್ಟಿನ ಮೇಲೆ ಟವೆಲು ಹಾಕಿ ವಾಕರ್ ಹಿಡಿದು ಕುಣಿಯುತ್ತಿದ್ದ ನನ್ನನ್ನೂ ನೋಡಿದರು. ಯಾರಿಗೆ ಮೊದಲು ಬೈಯಬೇಕೆಂದು ಅವರಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಚೀಲವನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತುಬಿಟ್ಟರು.

ಮರುದಿನ ಮಾವ ವಾಕರ್ ಹಿಡಿದು ಪಕ್ಕದ ಮನೆಯ ಗೇಟಿನವರೆಗೆ ಹೋದರು. ಆ ಮನೆಯವರು ಕೇಳಿದ್ದು ನಿರೀಕ್ಷಿಸಿದ ಪ್ರಶ್ನೆಯೇ. "ನನ್ನದು ಬಿಡಿ, ನಾನು ಬಚ್ಚಲಲ್ಲಿ ಜಾರಿದ್ದು. ನನ್ನ ಅಳಿಯ ಹೇಗೆ ಬಿದ್ದ ಗೊತ್ತುಂಟಾ?" ಎಂದು ಶುರು ಮಾಡಿದರಂತೆ. ಆ ವಾರದಲ್ಲಿ ಹಾಲಿನ ಡೈರಿ, ಮುಂದಿನ ವಾರ ತಿರುವಿನ ಅಂಗಡಿ, ಆಮೇಲೆ ರಿಕ್ಷಾ ಸ್ಟ್ಯಾಂಡ್. ನಾನು ಬಿದ್ದ ಕತೆ ಪ್ರತಿ ಮನೆಯಲ್ಲೂ ಬೆಳೆಯಿತು. ಅಂಗಳದಲ್ಲಿ ಬಿದ್ದವನು ಕ್ರಮೇಣ ಮಾಡಿನ ಎತ್ತರದಿಂದ ಬಿದ್ದೆ, ಆಮೇಲೆ ತೆಂಗಿನಮರದ ಅರ್ಧದಿಂದ. ಹಿಂದೆ ನಡೆಯುತ್ತಿದ್ದ ನಾನು ತಿದ್ದಲು ಹೋಗಲಿಲ್ಲ. ಮಣಿಪಾಲದ ಬಸ್ಸಿನಲ್ಲಿ ಕಂಡಕ್ಟರನೊಬ್ಬ ಟಿಕೇಟು ಕೊಡುತ್ತಾ, "ಎಣ್ಣೆ ಹಾಕಿ ಬಂದಿರಾ?" ಎಂದು ಕೇಳಿದ. ಸಿಟ್ಟು ಬಂತು. ನುಂಗಿಕೊಂಡೆ.

ಸ್ಪ್ರಿಂಗ್ ಕಾಲಿಗೆ ಎಂತ ಹಾಕಬೇಕು ಎಂದು ಈಗ ನನಗೆ ಗೊತ್ತುಂಟು. ಎಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ವೀಡಿಯೊ ನೋಡಿ ಕಲಿತೆ. ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೀಲಿನ ಮರಳು ತೆಗೆಯಬೇಕು. ನೆರಳಿನಲ್ಲಿ ಒಣಗಿಸಬೇಕು. ಕೀಲಿಗೆ ಮಾತ್ರ ಸಿಲಿಕೋನ್ ಗ್ರೀಸ್, ಅದೂ ಉಪ್ಪಿನಕಾಯಿ ನೆಕ್ಕುವಷ್ಟು. ಹೊರಗೆ ಬಂದದ್ದನ್ನು ಒರೆಸಿಬಿಡಬೇಕು. ಬೋಲ್ಟು ಒಂದೊಂದಾಗಿ ಬಿಗಿದು ನೋಡಬೇಕು. ಬಿಲ್ಲಿಗೆ ಏನೂ ಹಾಕಬಾರದು, ಹತ್ತಿಬಟ್ಟೆಯನ್ನು ಮೆಲ್ಲಗೆ ಎಳೆಯಬೇಕು. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಫೈಬರ್ ಬಿರಿದಿದೆ ಎಂದರ್ಥ. ನನ್ನದರಲ್ಲಿ ಸಿಕ್ಕಿಕೊಂಡಿತು. ತೂಕದ ಸೂಚನೆ ಸುಮ್ಮನೆ ಬರೆದದ್ದಲ್ಲ. ಇನ್ನು ಅದರ ಮೇಲೆ ನಿಲ್ಲುವಂತಿಲ್ಲ. ಆದರೂ ಭಾನುವಾರ ಕೂತು ಒರೆಸಿ ಗ್ರೀಸ್ ಹಾಕುತ್ತೇನೆ, ಯಾಕೆಂದರೆ ಕತೆ ಕೇಳಿದವರು ಮಾವನ ಮನೆಗೆ ಅದನ್ನು ನೋಡಲು ಬರುತ್ತಾರೆ. ತುಕ್ಕು ಹಿಡಿದಿದ್ದರೆ ಕತೆಗೆ ಶೋಭೆ ಇಲ್ಲ ಎಂದು ಮಾವನ ಅಪ್ಪಣೆ.

ವಾಕರ್ ಹೋಗಿ ಕೈಗೆ ಕೋಲು ಬಂತು. ಮೊನ್ನೆ ಜಗಲಿಯಲ್ಲಿ ನಿಂತು, "ಅಲೆವೂರಿನವರಿಗೆ ಇನ್ನೂ ಗೊತ್ತಿಲ್ಲ ಅಲ್ವಾ?" ಎಂದು ಕೇಳಿದರು.

"ಅತ್ತೆ ತಂಗಿಗೆ ಹೇಳಿರಬೇಕು."

"ಅವಳಿಗೆ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ನಡಿ, ಹೋಗುವಾ."

ಬಸ್ ಹತ್ತಿದೆವು. ಕೋಲು ನೋಡಿ ಒಬ್ಬ ಹುಡುಗಿ ಎದ್ದು ಮಾವನಿಗೆ ಸೀಟು ಬಿಟ್ಟುಕೊಟ್ಟಳು. ಮಾವ ಬೇಡ ಎಂದು ಕೈಯಾಡಿಸಿ, ಕೋಲನ್ನು ನನ್ನ ಕೈಗೆ ಕೊಟ್ಟು, ಮೇಲಿನ ಕಂಬಿ ಹಿಡಿದು, ಹಳೆಯ ಅಭ್ಯಾಸದಂತೆ ಸೀಟಿನ ಅಂಚಿಗೆ ಸೊಂಟ ಆನಿಸಿ ನಿಂತರು. ಬಸ್ಸು ತಿರುವಿನಲ್ಲಿ ವಾಲಿದಾಗ ಅವರು ವಾಲಲಿಲ್ಲ. ಕಂಡಕ್ಟರನನ್ನು ಹತ್ತಿರ ಕರೆದು, "ಮಾರಾಯ, ಒಂದು ಗಮ್ಮತ್ತು ಹೇಳ್ತೇನೆ, ಇವನು ನನ್ನ ಅಳಿಯ" ಎಂದು ಶುರು ಮಾಡಿದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ನನ್ನ ಸೊಂಟ ಇನ್ನೂ ನೋಯುತ್ತಿತ್ತು. ಮಾವನ ಸೀಟಿನಲ್ಲಿ ನಾನು ಕೂತೆ.